ಮೊದಲು ನೀರು

— ಮಾವ, ಇದ್ದೀರಾ? ಬಿಸಿಲು ಇಳಿಯೂದರೊಳಗೆ ಒಮ್ಮೆ ಅಂಗಳಕ್ಕೆ ಬನ್ನಿ. ಒಂದು ತೋರಿಸಬೇಕು.

— ಬಂದೆ ಮಗಾ. ಬೈಂದೂರಿನಿಂದ ಸೀದಾ ಇಲ್ಲಿಗೇ ಬಂದೆಯಾ? ಅತ್ತೆ ಚಾಕ್ಕೆ ಇಟ್ಟಿದ್ದಾಳೆ, ಕೂತ್ಕೋ.

— ಚಾ ಆಮೇಲೆ. ಈ ಬಾನೆಟ್ ಕಾಣಿ. ಅಲ್ಲಿಂದ ಕಾಣೂದಿಲ್ಲ, ಸೂರ್ಯನ ಬಿಂಬ ಬಿದ್ದ ಕಡೆ ಕಣ್ಣಿಡಿ. ಜೇಡ ಬಲೆ ಕಟ್ಟಿದ ಹಾಗೆ ಸುತ್ತಲೂ ಗೆರೆ. ಕಾರು ತಂದು ಎರಡು ತಿಂಗಳಾಗಿಲ್ಲ. ಎಲ್ಲಿಗೂ ತಾಗಿಸಿಲ್ಲ, ಗೇಟಿಗೂ ಉಜ್ಜಿಲ್ಲ. ಶೋರೂಮಿನವರ ಹತ್ತಿರ ಹೋಗಿ ಕೇಳಬೇಕಾ ಅಂತ ನಿಮಗೆ ತೋರಿಸಲಿಕ್ಕೆ ತಂದೆ.

— ಅವರನ್ನು ಕೇಳೂದು ಬೇಡ. ಇದು ಒರೆಸಿ ಒರೆಸಿ ಬಿದ್ದ ಗೀರು. ಈಗಿನ ಹುಡುಗರು ಸ್ವರ್ಲ್ ಮಾರ್ಕ್ ಅಂತಾರೆ. ಬಾನೆಟ್ ತುಂಬ ಎಲ್ಲ ದಿಕ್ಕಿಗೂ ಬಿದ್ದಿರ್ತದೆ, ಬೆಳಕಿಗೆ ಅಡ್ಡ ಬಂದದ್ದು ಮಾತ್ರ ಹೊಳೀತದೆ. ಅದಕ್ಕೇ ನೀನು ಎಲ್ಲಿ ನಿಂತು ಕಂಡರೂ ಬಿಂಬದ ಸುತ್ತ ಉಂಗುರ ಉಂಗುರವಾಗಿ ಕಾಣ್ತದೆ. ಬಿಳಿ ಕಾರಿನಲ್ಲೂ ಇಷ್ಟೇ ಇರ್ತದೆ, ಕಣ್ಣಿಗೆ ಬೀಳೂದಿಲ್ಲ. ನಿನ್ನದು ಕಡು ನೀಲಿ, ಎಲ್ಲವನ್ನೂ ತೋರಿಸಿಕೊಡ್ತದೆ. ದಿನಾ ಒರೆಸೂದು ಯಾರು?

— ಅಪ್ಪಯ್ಯ.

— ಹ್ಞೂಂ.

— ಬೆಳಿಗ್ಗೆ ಐದೂವರೆಗೆ ಎದ್ದು ಮೊದಲ ಕೆಲಸ ಅದೇ. ಹಳೇ ಪಂಚೆ ಹರಿದು ಮಡಚಿಟ್ಟಿದ್ದಾರೆ, ಒಗೆದೂ ಒಗೆದೂ ಬೆಣ್ಣೆಯ ಹಾಗೆ ಮೆತ್ತಗಾದ ಬಟ್ಟೆ. ನಾನು ಎದ್ದು ಬರುವಾಗ ಕಾರು ಕನ್ನಡಿ. ನಿಮಗೆ ಗೊತ್ತಲ್ಲ, 30 ವರ್ಷ ಕುಂದಾಪುರದ ಸ್ಟ್ಯಾಂಡಿನಲ್ಲಿ ಬೇರೆಯವರ ಅಂಬಾಸಿಡರ್ ಓಡಿಸಿದವರು. ಅದನ್ನೂ ಹೀಗೇ ಒರೆಸ್ತಿದ್ದರು. ಮನೆಯವರ ಹೆಸರಲ್ಲಿ ಕಾರು ಅಂತ ಬಂದದ್ದು ಇದೇ ಮೊದಲು.

— ಒಣ ಬಟ್ಟೆಯಾ, ಒದ್ದೆಯಾ?

— ಒಣ. ದಿನಾ ನೀರು ಹಾಕಿದರೆ ಕಲೆ ಕೂರ್ತದೆ ಅಂತಾರೆ.

— ಅಲ್ಲೇ ತಪ್ಪಿದ್ದು. ಭಾವನ ತಪ್ಪಲ್ಲ, ಕಾಲ ಬದಲಾಯ್ತು. ಅಂಬಾಸಿಡರಿಗೆ ಬಣ್ಣವೇ ಕೊನೆಯ ಪದರ. ಮಾಸಿತು ಅಂದರೆ ರಬ್ಬಿಂಗ್ ಪಾಲಿಶ್ ಹಾಕಿ ತಿಕ್ಕೂದು. ಮೇಲಿನ ಸತ್ತ ಬಣ್ಣ ಬಟ್ಟೆಗೆ ಬರ್ತದೆ, ಕೆಳಗಿನದ್ದು ಹೊಸದಾಗಿ ಎದ್ದು ಕಾಣ್ತದೆ. ಕಪ್ಪು ಕಾರು ಉಜ್ಜಿದರೆ ಬಟ್ಟೆ ಕಪ್ಪು, ಬಿಳಿ ಕಾರು ಉಜ್ಜಿದರೆ ಬಿಳಿ. ಬಣ್ಣ ದಪ್ಪವೂ ಇತ್ತು, ವರ್ಷಕ್ಕೊಮ್ಮೆ ಉಜ್ಜಿಸಿಕೊಳ್ಳುವಷ್ಟು. ಒರೆಸಿದಷ್ಟೂ ಹೊಳಪು ಅನ್ನೂದು ಆ ಕಾರಿಗೆ ನಿಜವೇ ಆಗಿತ್ತು.

— ಈಗಿನದ್ದು ಎಂತ ಬೇರೆ?

— ಈಗಿನದ್ದಕ್ಕೆ ಬಣ್ಣದ ಮೇಲೆ ಬಣ್ಣವಿಲ್ಲದ ಪದರ ಒಂದಿದೆ, ಕ್ಲಿಯರ್ ಕೋಟ್. ಕೆಳಗಿನಿಂದ ಹೇಳ್ತೇನೆ ಕೇಳು. ಕಾರ್ಖಾನೆಯಲ್ಲಿ ತಗಡಿನ ಬಾಡಿ ತೊಳೆದು, ಫಾಸ್ಫೇಟ್ ಹಿಡಿಸಿ, ಆಮೇಲೆ ಇಡೀ ಬಾಡಿಯನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸ್ತಾರೆ. ತೊಟ್ಟಿಗೆ ಕರೆಂಟು ಕೊಡ್ತಾರೆ. ಬಣ್ಣದ ಕಣ ತಗಡನ್ನು ಹುಡುಕಿಕೊಂಡು ಹೋಗಿ, ನಮ್ಮ ಸ್ಪ್ರೇ ಗನ್ ಯಾವತ್ತೂ ಮುಟ್ಟದ ಮೂಲೆಗೂ ಅಂಟ್ತದೆ. ತುಕ್ಕಿಗೆ ನಿಜವಾದ ತಡೆ ಅದೇ. ಸುಮಾರು 20 ಮೈಕ್ರಾನ್. ಅದನ್ನು 160 ಡಿಗ್ರಿಗೂ ಮೇಲೆ ಬೇಯಿಸ್ತಾರೆ. ಅದರ ಮೇಲೆ ಪ್ರೈಮರ್ 30ರಷ್ಟು, ನೀನು ನೋಡಿ ಇಷ್ಟಪಟ್ಟ ನೀಲಿ ಬಣ್ಣ 15ರ ಆಸುಪಾಸು, ಕೊನೆಗೆ ಕ್ಲಿಯರ್ 40ರಷ್ಟು. ಎಲ್ಲ ಕೂಡಿಸು. 1,000 ಮೈಕ್ರಾನಿಗೆ ಒಂದು ಮಿಲಿಮೀಟರ್.

— 105. ನಮ್ಮ ಬ್ಯಾಂಕಿನ ಪ್ರಿಂಟರಿಗೆ ಹಾಕುವ ಒಂದು ಹಾಳೆಯ ದಪ್ಪ.

— ಒಂದು ಹಾಳೆ, ಅದರೊಳಗೆ ನಾಲ್ಕು ಪದರ. ಮೇಲಿನ ಕ್ಲಿಯರ್ ಒಂದು ತಲೆಕೂದಲಿನಷ್ಟೂ ದಪ್ಪ ಇಲ್ಲ. ಇನ್ನು ಬ್ರಹ್ಮಾವರದ ನಿಮ್ಮ ಅಂಗಳದ ಹುಡಿ ಯೋಚನೆ ಮಾಡು. ಕೆಂಪುಕಲ್ಲಿನ ಹುಡಿ, ಅದರಲ್ಲಿ ಕಬ್ಬಿಣದ ಅಂಶ, ಜೊತೆಗೆ ಮರಳು. ದಾರಿಯುದ್ದಕ್ಕೂ ಸಮುದ್ರದ ಕಡೆಯಿಂದ ಹಾರಿ ಬಂದ ಮರಳು ಬೇರೆ. ಗಡಸುತನ ಅಳೆಯುವಾಗ ವಜ್ರಕ್ಕೆ 10, ಮರಳಿನ ಕ್ವಾರ್ಟ್ಸಿಗೆ 7. ಕಿಟಕಿಯ ಗಾಜಿಗಿಂತ ಗಟ್ಟಿ. ಆ ಹುಡಿ ಕೂತ ಬಾನೆಟ್ ಮೇಲೆ ಒಣ ಬಟ್ಟೆ ಎಳೆದರೆ ಬಟ್ಟೆ ಎಷ್ಟು ಮೆತ್ತಗಿದ್ದರೆ ಎಂತಾಯ್ತು? ಉಜ್ಜೂದು ಬಟ್ಟೆಯಲ್ಲ, ಬಟ್ಟೆಗೆ ಸಿಕ್ಕಿದ ಮರಳು. ಶೆಡ್ಡಿನಲ್ಲಿ ನಾವು ಎಮರಿ ಕಾಗದ ಎಳೆದ ಹಾಗೇ ಆಗ್ತದೆ. ದಿನಾ ಬೆಳಿಗ್ಗೆ, ಎರಡು ತಿಂಗಳು.

— ಅಪ್ಪಯ್ಯ ಆರ್‌ಸಿ ಕಾರ್ಡು ಬಂದ ದಿನ ಹೊಸ ಬಕೆಟ್, ಹೊಸ ಬ್ರಷ್ ಎಲ್ಲ ತಂದಿದ್ದರು. ಶೋರೂಮಿನಲ್ಲಿ ಯಾರೋ ಒಂದು ತಿಂಗಳು ತೊಳೆಯಬೇಡಿ, ಬಣ್ಣ ಹಸಿ ಇರ್ತದೆ ಅಂದರಂತೆ. ಅದಕ್ಕೇ ಒಣ ಬಟ್ಟೆ ಶುರುವಾದದ್ದು.

— ಆ ಮಾತು ನಮ್ಮಂಥ ಶೆಡ್ಡಿನಲ್ಲಿ ಹೊಡೆಸಿದ ಬಣ್ಣಕ್ಕೆ. ಅಪಘಾತ ಆಗಿ ಬಂದ ಕಾರಿಗೆ ನಾವು ಬಣ್ಣ ಹೊಡೆದರೆ 60, 70 ಡಿಗ್ರಿಗಿಂತ ಹೆಚ್ಚು ಬಿಸಿ ಕೊಡಲಿಕ್ಕೆ ಬರೂದಿಲ್ಲ. ಒಳಗೆ ವಯರು, ಪ್ಲಾಸ್ಟಿಕ್ಕು, ಸೀಟು ಎಲ್ಲ ಇರ್ತದಲ್ಲ. ಆ ಬಣ್ಣದೊಳಗಿನ ಥಿನ್ನರ್ ಹೋಗಿ ಮುಗಿಯಲಿಕ್ಕೆ ವಾರಗಟ್ಟಲೆ ಬೇಕು. ಕಾರ್ಖಾನೆಯಲ್ಲಿ ಬರಿ ತಗಡಿನ ಬಾಡಿ. ಕ್ಲಿಯರ್ ಹೊಡೆದು 140 ಡಿಗ್ರಿಯ ಒಲೆಯಲ್ಲಿ ಬೇಯಿಸಿದ ಬಣ್ಣ ಅದು, ಹೊರಗೆ ಬರುವಾಗಲೇ ಪೂರ್ತಿ ಬಲಿತಿರ್ತದೆ. ಮೊದಲ ದಿನವೇ ತೊಳೀಬಹುದು, ಮೇಣ ಹಾಕಬಹುದು. ಆದರೆ ಒಂದು ನೆನಪಿಟ್ಟುಕೋ, ಒಮ್ಮೆ ಹೋದರೆ ಆ ಬಣ್ಣ ಮತ್ತೆ ಬರೂದಿಲ್ಲ. 40 ವರ್ಷ ಗನ್ ಹಿಡಿದವ ನಾನು. ಯಾರೂ ಗುರುತು ಹಿಡಿಯದ ಹಾಗೆ ಬಣ್ಣ ಕೂಡಿಸಿದ್ದೇನೆ. ಆದರೂ ಕಾರ್ಖಾನೆಯ ಒಲೆ ನನ್ನ ಶೆಡ್ಡಿನಲ್ಲಿ ಇರಲಿಲ್ಲ.

— ಪಾಲಿಶ್ ಮಾಡಿದರೆ ಈ ಗೀರು ಹೋಗ್ತದಾ?

— ಹೋಗ್ತದೆ. ಗೀರಿನ ಆಳದವರೆಗೆ ಸುತ್ತಲಿನ ಕ್ಲಿಯರ್ ಉಜ್ಜಿ ತೆಗೆದರೆ ಗೀರು ಇರೂದಿಲ್ಲ, ಅಷ್ಟೇ ಅದರ ಗುಟ್ಟು. ಮೆಶಿನ್ ಹಿಡಿದವ ತಿಳಿದವನಾದರೆ ಒಂದೆರಡು ಮೈಕ್ರಾನಿನಲ್ಲಿ ಮುಗಿಸ್ತಾನೆ, ಇಲ್ಲದವ ಅಂಚಿನಲ್ಲಿ ಬಣ್ಣವನ್ನೇ ಎಬ್ಬಿಸ್ತಾನೆ. ಬಿಸಿಲನ್ನು ತಡೆಯುವ ಮದ್ದೂ ಆ ಕ್ಲಿಯರಿನಲ್ಲೇ ಇರೂದು. 15 ವರ್ಷಕ್ಕೆ ಬೇಕಾದ ಪದರವನ್ನು ಎರಡನೇ ತಿಂಗಳಿಗೇ ತೆಳ್ಳಗೆ ಮಾಡಬೇಡ. ಇದು ಉಗುರಿಗೆ ಸಿಕ್ಕದ ಗೀರು. ಇರಲಿ ಬಿಡು. ಇನ್ನು ಬೀಳದ ಹಾಗೆ ಕಾಣುವ.

— ತೊಳೆಯುವ ಕ್ರಮ ಹೇಳಿ.

— ಕಾರು ನೆರಳಲ್ಲಿರಬೇಕು, ಬಾನೆಟ್ ತಣ್ಣಗಿರಬೇಕು. ಮೊದಲು ನೀರು. ಬರಿ ನೀರು, ಕೈ ಮುಟ್ಟಿಸದೆ, ಮೇಲಿನಿಂದ ಕೆಳಗೆ. ಹುಡಿ ನೆನೆದು ತನ್ನಷ್ಟಕ್ಕೆ ಇಳಿದು ಹೋಗಬೇಕು. ಹೆಚ್ಚಿನವರು ಅರ್ಧ ನಿಮಿಷ ಪೈಪು ಹಿಡಿದು ಬಟ್ಟೆಗೆ ಕೈ ಹಾಕ್ತಾರೆ. ಐದು ನಿಮಿಷ ಬಿಡು. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರಿ ನೀರು. ಮೈಕ್ರೋಫೈಬರ್ ಗವಸು ಶಾಂಪೂವಿನಲ್ಲಿ ಅದ್ದಿ ಮಾಡಿನಿಂದ ಶುರು ಮಾಡು. ಒಂದು ಬದಿ ಆದ ಮೇಲೆ ಬರಿ ನೀರಿನಲ್ಲಿ ಜಾಲಿಸಿ, ಮತ್ತೆ ಶಾಂಪೂ. ಆ ಎರಡನೇ ಬಕೆಟಿನ ತಳ ಒಮ್ಮೆ ಕೈ ಹಾಕಿ ಸವರಿ ನೋಡು, ಎಷ್ಟು ಮರಳು ಕೂತಿರ್ತದೆ ಅಂತ. ಅದಷ್ಟೂ ಬಾನೆಟ್ ಮೇಲೆ ತಿರುಗಬೇಕಾಗಿದ್ದ ಮರಳು. ಬಾಗಿಲಿನ ಕೆಳ ಅಂಚು ಕೊನೆಗೆ. ಚಕ್ರಕ್ಕೆ ಬೇರೆಯೇ ಬಟ್ಟೆ, ಅದು ಮತ್ತೆ ಮೇಲೆ ಬರಬಾರದು. ಒರೆಸುವಾಗ ತಿಕ್ಕಬೇಡ, ದಪ್ಪ ಟವೆಲ್ ಹಾಸಿ ನೀರು ಹೀರಿಸು.

— ಬಟ್ಟೆ ಒಗೆಯುವ ಹುಡಿ?

— ಬೇಡ. ಅದರಲ್ಲಿ ಸೋಡಾ ಇರ್ತದೆ, ಹಾಕಿದ ಮೇಣವನ್ನೆಲ್ಲ ತೊಳೆದುಕೊಂಡು ಹೋಗ್ತದೆ. ಲಾರಿಯವರು ಡೀಸೆಲ್ ಬಟ್ಟೆ ಹಾಕಿ ಒರೆಸೂದು ಕಂಡಿರಬೇಕು ನೀನು, ಆ ಹೊಳಪು ಮುಂದಿನ ಊರಿನವರೆಗೆ. ಎಣ್ಣೆ ಪಸೆಗೆ ಹುಡಿ ಇನ್ನೂ ಅಂಟ್ತದೆ, ಬಾಗಿಲಿನ ರಬ್ಬರ್ ಉಬ್ಬುತ್ತದೆ. ರಸ್ತೆ ಕೆಲಸದ ಡಾಂಬರು ಸಿಡಿದಿದ್ದರೆ ಮಾತ್ರ ಅಷ್ಟಕ್ಕೆ ಒಂದು ಹನಿ ಸೀಮೆಎಣ್ಣೆ ಮುಟ್ಟಿಸಿ ಕೂಡಲೇ ಶಾಂಪೂ ಹಾಕಿ ತೊಳೆದರೆ ಸರಿ.

— ಸೆರಾಮಿಕ್ ಕೋಟಿಂಗ್ ಮಾಡಿಸಿ, ಆಮೇಲೆ ಚಿಂತೆಯೇ ಇಲ್ಲ ಅಂದರು ಶೋರೂಮಿನಲ್ಲಿ. ಟೆಫ್ಲಾನ್ ಅಂತಲೂ ಒಂದಿದೆಯಂತೆ.

— ಟೆಫ್ಲಾನಿಗೆ ದುಡ್ಡು ಹಾಕಬೇಡ. ಬಾಣಲೆಗೆ ಅದನ್ನು ಹಿಡಿಸಲಿಕ್ಕೆ 300 ಡಿಗ್ರಿಗೂ ಮೇಲೆ ಕಾಯಿಸಬೇಕು, ಬಾನೆಟ್ಟಿಗೆ ಆ ಬಿಸಿ ಕೊಡಲಿಕ್ಕೆ ಆಗೂದಿಲ್ಲ. ಸೆರಾಮಿಕ್ ಒಳ್ಳೆಯದೇ, ಸಿಲಿಕಾದ ತೆಳು ಪದರ, ಹುಡಿ ಬೇಗ ಬಿಟ್ಟುಕೊಡ್ತದೆ, ತೊಳೆಯುವ ಕೆಲಸ ಹಗುರಾಗ್ತದೆ. ಆದರೆ ಅದೂ ಒಂದೆರಡು ಮೈಕ್ರಾನ್ ಅಷ್ಟೇ. 9ಎಚ್ ಅಂತ ಬರೆದದ್ದು ಕಂಡು ವಜ್ರದ ಹತ್ತಿರದ ಗಟ್ಟಿ ಅಂದುಕೊಳ್ಳಬೇಡ, ಅದು ಪೆನ್ಸಿಲಿನ ಅಳತೆ. ಒಣ ಬಟ್ಟೆ ಎಳೆದರೆ ಅದರ ಮೇಲೂ ಗೀರು ಬೀಳ್ತದೆ. ಕಲ್ಲು ಸಿಡಿಯೂದನ್ನು ತಡೆಯೂದು ಪಾರದರ್ಶಕ ಫಿಲ್ಮ್ ಒಂದೇ. ಅದು ನಿಜಕ್ಕೂ ದಪ್ಪ, 150 ಮೈಕ್ರಾನಿಗೂ ಮೇಲೆ. ಹೆದ್ದಾರಿಯಲ್ಲೇ ತಿರುಗುವವಳು ನೀನು, ಮುಂದಿನ ಬಂಪರ್, ಬಾನೆಟ್ಟಿನ ಮುಂಭಾಗಕ್ಕೆ ಹಾಕಿಸಿದರೆ ದುಡ್ಡು ದಂಡ ಅಲ್ಲ. ಇಲ್ಲದಿದ್ದರೆ ಮೇಣ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ.

— ಮೇಣ ಅಂದರೆ ಡಬ್ಬದಲ್ಲಿ ಬರ್ತದಲ್ಲ, ಕಾರ್ನೋಬಾ?

— ಅದೇ. ಬ್ರೆಜಿಲ್ ದೇಶದ ಒಂದು ತಾಳೆಮರದ ಎಲೆಯಿಂದ ತೆಗೆಯೂದು. ಬಿಸಿಲುಗಾಲದಲ್ಲಿ ಎಲೆಯೊಳಗಿನ ನೀರು ಆರದ ಹಾಗೆ ಮರ ತಾನೇ ಲೇಪ ಮಾಡಿಕೊಳ್ತದೆ. 80 ಡಿಗ್ರಿ ದಾಟಿದ ಮೇಲೆಯೇ ಅದು ಕರಗೂದು. ಅದನ್ನು ಮೊದಲ ಸಲ ಹಚ್ಚುವಾಗ ನನಗೆ ಗಂಗೊಳ್ಳಿಯ ದೋಣಿ ನೆನಪಾಯ್ತು.

— ನೀವು ದೋಣಿಗೆ ಬಣ್ಣ ಹೊಡೆದದ್ದು ನನಗೆ ಗೊತ್ತೇ ಇರಲಿಲ್ಲ.

— ಬಣ್ಣ ಅಲ್ಲ, ಎಣ್ಣೆ. ನಾನು ಆಗ ಮಾಣಿ. ಮರದ ದೋಣಿಗಳ ಕಾಲ. ಮಳೆಗಾಲಕ್ಕೆ ದೋಣಿ ದಡಕ್ಕೆ ಎಳೆದು, ಚಿಪ್ಪು ಪಾಚಿ ಎಲ್ಲ ಕೆರೆದು, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಮೀನೆಣ್ಣೆ. ಕೆಲವರು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚೂದು. ಕೈಗೆ ತಾಗಿದರೆ ಚರ್ಮ ಸುಲಿದು ಬರ್ತಿತ್ತು, ಈ ಬೆರಳು ಕಾಣು, ಆಗಿನ ಗುರುತು ಇನ್ನೂ ಇದೆ. ಹುಳಕ್ಕೂ ಆಗದ, ಉಪ್ಪಿಗೂ ಆಗದ ಎಣ್ಣೆ ಅದು. ನಮ್ಮ ಕುಂದಾಪುರದ ಕಡೆಯ ಗೇರುಬೀಜದ ಕಾರ್ಖಾನೆಗಳ ಸಿಪ್ಪೆ ಎಣ್ಣೆಗೆ ಈಗಲೂ ಬೆಲೆ ಇದೆ. ಅದರಿಂದಲೇ ಹಡಗಿನ ಎಪಾಕ್ಸಿ ಬಣ್ಣಕ್ಕೆ ಬೆರೆಸುವ ಹಾರ್ಡನರ್ ಮಾಡ್ತಾರೆ. ಬ್ರೇಕ್ ಪ್ಯಾಡಿನ ಒಳಗೂ ಅದರ ಹುಡಿ ಇರ್ತದೆ. ಬಣ್ಣ ಒಂದು ಅಲಂಕಾರ ಅಂತ ತಿಳಿದದ್ದು ನಾನು ಕಾರಿನ ಶೆಡ್ಡಿಗೆ ಬಂದ ಮೇಲೆ. ದೋಣಿಯಲ್ಲಿ ನನಗೆ ಕಲಿಸಿದ್ದು ಬೇರೆ. ಸಮುದ್ರಕ್ಕೂ ಮರಕ್ಕೂ ನಡುವೆ ನೀನು ಹಚ್ಚಿದ್ದು ಮಾತ್ರ ಇರೂದು, ಒಂದು ಕಡೆ ಬಿಟ್ಟರೆ ಅಲ್ಲಿಂದಲೇ ಒಳಗೆ ಬರ್ತದೆ ಅಂತ ಗದರ್ತಿದ್ದರು.

— ಡ್ಯೂಕೋ ಪೇಂಟ್ ಅಂತ ನೀವು ಹೇಳೂದು ಕೇಳಿದ್ದೇನೆ.

— ಅದು ಒಂದು ಕಂಪನಿಯ ಬಣ್ಣದ ಹೆಸರು. ಅಮೆರಿಕದ ಡ್ಯೂಪಾಂಟಿನವರು 1923ರಲ್ಲಿ ತಂದದ್ದು. ಅದಕ್ಕೂ ಮೊದಲು ಕುದುರೆಗಾಡಿಗೆ ಹಚ್ಚಿದ ಹಾಗೆ ಬ್ರಷ್ಷಿನಲ್ಲಿ ವಾರ್ನಿಷ್ ಹಚ್ಚಿ ವಾರಗಟ್ಟಲೆ ಒಣಗಿಸ್ತಿದ್ದರು. ಡ್ಯೂಕೋ ಗನ್ನಿನಲ್ಲಿ ಹೊಡೆದರೆ ಗಂಟೆಗಳಲ್ಲಿ ಒಣಗಿತು. ಆ ಬಣ್ಣ ಹೋಗಿ ಎಷ್ಟೋ ಕಾಲವಾಯ್ತು, ನಮ್ಮ ಶೆಡ್ಡುಗಳಲ್ಲಿ ಹೆಸರು ಮಾತ್ರ ಉಳಿದಿದೆ. ಅದಿರಲಿ. ನೀನು ದಿನಾ ಹೋಗಿ ಬರುವ ದಾರಿ ಹೇಳು.

— ಬ್ರಹ್ಮಾವರದಿಂದ ಬೈಂದೂರು, 50 ಕಿಲೋಮೀಟರಿಗೂ ಮೇಲೆ. ಸಂಜೆ ಅಷ್ಟೇ ವಾಪಸು. ಹೆದ್ದಾರಿ ಬಿಟ್ಟು ಎಲ್ಲಿಗೂ ಇಳಿಯೂದಿಲ್ಲ.

— ಮರವಂತೆ ದಾಟಿ.

— ದಿನಕ್ಕೆ ಎರಡು ಸಲ.

— ಹಾಗಾದರೆ ಬಾನೆಟ್ಟಿನ ಗೀರು ಮರೆತುಬಿಡು ಮಾರಾಯ್ತಿ. ನಿನ್ನ ಕಾರಿಗೆ ಬರುವ ತೊಂದರೆ ಬಾನೆಟ್ಟಿನದ್ದಲ್ಲ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಸ್ತೆ. ಹೊರಗಿನವರು ಫೋಟೋ ತೆಗೀಲಿಕ್ಕೆ ನಿಲ್ಲಿಸ್ತಾರೆ. ನಾನೂ ನಿಲ್ತೇನೆ, ಅಷ್ಟು ಚಂದದ ಜಾಗ ಇನ್ನೊಂದಿಲ್ಲ. ಆದರೆ ಅಲ್ಲಿ ಹತ್ತು ನಿಮಿಷ ನಿಂತು ತುಟಿ ಸವರಿದರೆ ನಾಲಿಗೆಗೆ ಉಪ್ಪು. ಅಲೆ ಕಲ್ಲಿಗೆ ಬಡಿದು ಒಡೆಯುವಾಗ ಹನಿ ಗಾಳಿಗೆ ಏಳ್ತದೆ, ನೀರು ಆರಿ ಉಪ್ಪು ಉಳೀತದೆ. ಅದು ಕಾರಿನ ಮೇಲೆ ಕೂರ್ತದೆ, ಕೆಳಗೆ ಹೋಗಿ ಇನ್ನೂ ಹೆಚ್ಚು ಕೂರ್ತದೆ.

— ಉಪ್ಪು ಒಣಗಿಯೇ ಇದ್ದರೆ ಎಂತ ಮಾಡ್ತದೆ?

— ಒಣಗಿ ಇರೂದೇ ಇಲ್ಲವಲ್ಲ. ಮನೆಯಲ್ಲಿ ಮಳೆಗಾಲದಲ್ಲಿ ಉಪ್ಪಿನ ಭರಣಿ ಹೇಗಿರ್ತದೆ?

— ನೀರು ಬಿಟ್ಟಿರ್ತದೆ.

— ಯಾರೂ ನೀರು ಹಾಕದೆ! ಗಾಳಿಯ ತೇವ 75 ಪರ್ಸೆಂಟ್ ದಾಟಿತು ಅಂದರೆ ಉಪ್ಪು ಗಾಳಿಯಿಂದ ನೀರೆಳೆದು ತಾನೇ ಕರಗ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಅಂಶವೂ ಇರ್ತದೆ, ಅದು ಇನ್ನೂ ಬೇಗ ನೀರೆಳೀತದೆ. ನಮ್ಮ ಕರಾವಳಿಯ ರಾತ್ರಿಯ ಗಾಳಿ ಹೆಚ್ಚಿನ ದಿನ ಆ ಲೆಕ್ಕಕ್ಕಿಂತ ಮೇಲೆಯೇ. ಅಂದರೆ ಮಳೆ ಇಲ್ಲದ ಜನವರಿಯಲ್ಲೂ ನಿನ್ನ ಕಾರಿನ ಅಡಿಭಾಗ ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆಂದಿರ್ತದೆ. ಬೆಳಿಗ್ಗೆ ಆರ್ತದೆ. ರಾತ್ರಿ ಮತ್ತೆ ನೆನೀತದೆ. ಅದರ ಮೇಲೆ ಮೀನು ಲಾರಿಯ ನೀರು.

— ಅದು ನನಗೆ ದಿನಾ ಇದ್ದದ್ದೇ. ಐಸು ಕರಗಿದ ನೀರು ರಸ್ತೆ ಮೇಲೆ ಸುರಿಸಿಕೊಂಡೇ ಹೋಗ್ತವೆ. ಹಿಂದೆ ಸಿಕ್ಕಿದರೆ ಗಾಜಿಗೆಲ್ಲ ರಾಚ್ತದೆ.

— ಗಾಜಿಗೆ ಬಿದ್ದದ್ದು ನಿನಗೆ ಕಾಣ್ತದೆ, ವೈಪರ್ ಹಾಕ್ತಿ. ಚಕ್ರದ ಮೇಲಿನ ಕಮಾನಿಗೆ ಬಿದ್ದದ್ದು? ಕ್ಲಿಯರ್ ಕೋಟಿಗೆ ಉಪ್ಪು ಹೆಚ್ಚು ಎಂತದ್ದೂ ಮಾಡೂದಿಲ್ಲ. ಅದಕ್ಕೆ ಬೇಕಾದದ್ದು ಒಂದು ಸಂದು. ಕಲ್ಲು ಸಿಡಿದು ಸಾಸಿವೆಯಷ್ಟು ಬಣ್ಣ ಹಾರಿರ್ತದೆ, ಅಥವಾ ಎರಡು ತಗಡು ಕೂಡುವ ಕಡೆ, ಬಾಗಿಲಿನ ಕೆಳಗಿನ ಮಡಿಕೆ. ಉಪ್ಪುನೀರು ಅಲ್ಲಿಗೆ ಹೋಗಿ ತಗಡನ್ನು ಮುಟ್ಟಿತು ಅಂದರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಆದ್ದರಿಂದ ಅದು ಅಡಿಯಿಂದ ಬಣ್ಣ ಎತ್ತುತ್ತದೆ. ಒಂದು ದಿನ ಬಾಗಿಲ ಕೆಳಗೆ ಕಡಲೆಯಷ್ಟು ಬೊಕ್ಕೆ ಕಾಣ್ತದೆ. ಜನ ಅವತ್ತು ಕಾರು ನನ್ನ ಹತ್ತಿರ ತರ್ತಿದ್ದರು, ನಿನ್ನೆ ಎದ್ದದ್ದು ಅಂತ. ನಾನು ಸ್ಕ್ರೂಡ್ರೈವರ್ ಮುಟ್ಟಿಸಿದರೆ ಅದು ಒಳಗೇ ಹೋಗ್ತಿತ್ತು. ಒಳಗಿನಿಂದ ಎರಡು ಮೂರು ಮಳೆಗಾಲ ತಿಂದು ಮುಗಿಸಿ ಹೊರಗೆ ಬಂದದ್ದು ಅದು. ಟಿಂಕರಿಂಗ್ ಮಾಡಿ, ಪುಟ್ಟಿ ಹಾಕಿ, ಬಣ್ಣ ಹೊಡೆದು ಕೊಡ್ತಿದ್ದೆ. ಎರಡು ವರ್ಷಕ್ಕೆ ಅದೇ ಜಾಗದಲ್ಲಿ ಮತ್ತೆ ಬರ್ತಿತ್ತು. ದುಡ್ಡು ತೆಗೆದುಕೊಳ್ಳುವಾಗ ನನಗೆ ಕೈ ನಡುಗ್ತಿತ್ತು ಮಗಾ, ಸುಳ್ಳಲ್ಲ. ಮೇಲಿನ ಹೊಳಪಿಗೆ ಅಷ್ಟು ಖರ್ಚು ಮಾಡಿದವರು ಅಡಿಗೆ ಒಂದು ಕೊಡ ನೀರು ಹಾಕಿರೂದಿಲ್ಲ.

— ಅಡಿಗೆ ನೀರು ಹಾಕೂದು ಹೇಗೆ? ದಿನಾ ಸರ್ವಿಸ್ ಸ್ಟೇಷನ್ನಿಗೆ ಹೋಗಿ ಎತ್ತಿಸಲಿಕ್ಕೆ ಆಗ್ತದಾ?

— ಬೇಡ. ನಿಮ್ಮ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಇದೆಯಲ್ಲ? ಒಂದು ಜೆಟ್ ತೆಗೆದು ಕಾರಿನ ಅಡಿ ಇಟ್ಟು ಪಂಪು ಬಿಡು. ಮುಂದೆ ಹತ್ತು ನಿಮಿಷ, ಹಿಂದೆ ಹತ್ತು ನಿಮಿಷ. ಚಕ್ರದ ಕಮಾನಿನೊಳಗೆ ಕೈಯಲ್ಲೇ ಪೈಪು ಹಿಡಿ, ಅಲ್ಲಿ ಕೆಸರು ಮುದ್ದೆಯಾಗಿ ಕೂತರೆ ಸ್ಪಂಜಿನ ಹಾಗೆ ಉಪ್ಪುನೀರು ಹಿಡಿದಿಡ್ತದೆ. ವಾರಕ್ಕೊಮ್ಮೆ ಸಾಕು, ಆದರೆ ನವೆಂಬರಿನಿಂದ ಮೇ ತನಕ ತಪ್ಪಿಸಬಾರದು. ಮಳೆಗಾಲದಲ್ಲಿ ರಸ್ತೆಯೇ ಅಷ್ಟಿಷ್ಟು ತೊಳೀತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳ್ತದೆ, ಅದರ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲೇ. ಉಪ್ಪು ಕೂಡಿ ಕೂಡಿ ಗಟ್ಟಿಯಾಗೂದು ಮಳೆ ಇಲ್ಲದ ಕಾಲದಲ್ಲಿ. ಇದನ್ನು ಜನ ತಿರುಗಾಮುರುಗಾ ತಿಳಿದಿದ್ದಾರೆ.

— ಯಾವ ನೀರಾದರೂ ಆಗ್ತದಾ?

— ಚಾಕ್ಕೆ ಆಗುವ ನೀರೇ ಕಾರಿಗೂ ಆಗಬೇಕು. ಕೆಂಪುಕಲ್ಲಿನ ಬಾವಿಯ ನೀರು ಬಹಳ ಒಳ್ಳೆಯದು, ಮೆತ್ತಗಿನ ನೀರು, ಕಲೆ ಕೂರೂದು ಕಡಿಮೆ. ಬೋರಿನಲ್ಲಿ ಕಬ್ಬಿಣ ಇದ್ದರೆ ಹಳದಿ ಕಲೆ ಬರ್ತದೆ. ಕೋಡಿ, ಗಂಗೊಳ್ಳಿ ಕಡೆ ಹೊಳೆ ಬದಿಯ ಬಾವಿ ಏಪ್ರಿಲಿಗೆ ಉಪ್ಪಾಗ್ತದೆ. ಆ ನೀರಿನಲ್ಲಿ ತೊಳೆದರೆ ಉಪ್ಪು ತೆಗೆದ ಹಾಗಲ್ಲ, ಹಚ್ಚಿದ ಹಾಗೆ. ಅಂಥ ಮನೆಯವರು ಕಾರಿಗೂ ನೀರು ಹೊತ್ತು ತರಬೇಕು. ಕುಡಿಯಲಿಕ್ಕೇ ಟ್ಯಾಂಕರ್ ಕಾಯುವವರಿಗೆ ನಾನು ಹೇಗೆ ಹೇಳಲಿ? ಅವರಿಗೆ ಎರಡು ಬಕೆಟ್ ಸಿಹಿನೀರು ಸಿಕ್ಕಿದರೆ ಬಾನೆಟ್ಟಿಗೆ ಹಾಕಬೇಡಿ, ಬಾಗಿಲ ಅಂಚಿಗೆ, ಚಕ್ರದ ಒಳಗೆ ಹಾಕಿ ಅಂತೇನೆ.

— ಅಡಿಗೆ ಕಪ್ಪು ಕೋಟಿಂಗ್ ಹೊಡೆಸ್ತಾರಲ್ಲ?

— ಹೊಸದಿರುವಾಗ, ಪೂರ್ತಿ ಒಣಗಿಸಿ ಹೊಡೆಸಿದರೆ ಒಳ್ಳೆಯದು. ಉಪ್ಪು, ಕೆಸರು ಇರುವಾಗ ಅದರ ಮೇಲೇ ಹೊಡೆದರೆ ತುಕ್ಕಿಗೆ ಹೊದಿಕೆ ಹೊದೆಸಿದ ಹಾಗೆ. ಇನ್ನೊಂದು, ಬಾಗಿಲಿನ ಕೆಳಗೆ ಸಣ್ಣ ಸಣ್ಣ ತೂತು ಇರ್ತದೆ, ನೀರು ಹೋಗಲಿಕ್ಕೆ ಇಟ್ಟದ್ದು. ಕೋಟಿಂಗಿನವರು ಅದನ್ನು ಮುಚ್ಚಿಬಿಡ್ತಾರೆ. ಬಾ, ಬಾಗಿಲು ತೆಗಿ, ಬಗ್ಗಿ ಕಾಣು. ಇಕಾ. ತಿಂಗಳಿಗೊಮ್ಮೆ ತೆಂಗಿನ ಕಡ್ಡಿ ಆಡಿಸಿ ಬಿಡಿಸು. ಮುಂದಿನ ಗಾಜಿನ ಕೆಳಗೆ, ಇಲ್ಲಿ, ಎಲೆ ತುಂಬ್ತದೆ. ಜೂನ್ ಬರುವ ಮೊದಲು ಕೈ ಹಾಕಿ ತೆಗೀಬೇಕು. ಇಲ್ಲದಿದ್ದರೆ ನೀರು ಒಳಗಿಳಿದು ಕಾರ್ಪೆಟ್ ನೆನೆದು ಬೂಸಲು ಹಿಡೀತದೆ.

— ಬ್ಯಾಂಕಿನ ಎದುರು ಒಂದು ಮಾವಿನ ಮರ ಇದೆ. ನೆರಳಲ್ಲಿ ನಿಲ್ಲಿಸಲಾ, ಬಿಸಿಲಲ್ಲಾ?

— ಉಳಿದ ಕಾಲದಲ್ಲಿ ನೆರಳು. ಮಾವಿನಕಾಯಿ ಇರುವ ಎರಡು ಮೂರು ತಿಂಗಳು ಬಿಸಿಲೇ ಲೇಸು. ಮಾವಿನ ಸೊನೆ ತುಟಿಯನ್ನೇ ಸುಡ್ತದೆ, ಕ್ಲಿಯರ್ ಬಿಡ್ತದಾ? ಹಲಸಿನ ಮೇಣವೂ ಹಾಗೇ. ತೆಂಗಿನ ಮರದ ಅಡಿಗೆ ಯಾವ ಕಾಲದಲ್ಲೂ ಬೇಡ. ಹಕ್ಕಿ ಹಿಕ್ಕೆ ಬಿದ್ದರೆ ಸಂಜೆಗೆ ಅಂತ ಇಡಬೇಡ. ಅದರಲ್ಲಿ ಹುಳಿ ಅಂಶ ಇರ್ತದೆ. ಅದಕ್ಕಿಂತ ಹೆಚ್ಚಾಗಿ, ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿರ್ತದೆ, ಹಿಕ್ಕೆ ಒಣಗಿ ಬಿಗಿದುಕೊಳ್ತದೆ, ರಾತ್ರಿ ತಣ್ಣಗಾಗುವಾಗ ಕ್ಲಿಯರ್ ಅದೇ ಆಕಾರದಲ್ಲಿ ಗಟ್ಟಿಯಾಗ್ತದೆ. ಆ ಅಚ್ಚು ಆಮೇಲೆ ಹೋಗೂದಿಲ್ಲ. ಒಂದು ಬಾಟ್ಲಿ ನೀರು, ಒಂದು ಬಟ್ಟೆ ಕಾರಿನಲ್ಲಿಡು. ಒದ್ದೆ ಬಟ್ಟೆ ಅದರ ಮೇಲೆ ಹಾಸಿ ಐದು ನಿಮಿಷ ಬಿಟ್ಟು ಎತ್ತು. ಉಜ್ಜಬೇಡ.

— ಇಲ್ಲೊಂದು ಕಾಣಿ. ಬಾನೆಟ್ ನಡುವೆ ನಸು ಕೆಂಪು. ಆನೆಗುಡ್ಡೆಯಲ್ಲಿ ಪೂಜೆ ಮಾಡಿಸಿದ ದಿನ ಅಮ್ಮ ಕುಂಕುಮ ಕಲಸಿ ಸ್ವಸ್ತಿಕ ಬರೆದದ್ದು. 15 ದಿನ ಅಳಿಸಲಿಕ್ಕೆ ಬಿಡಲಿಲ್ಲ.

— ಅಕ್ಕನ ಕೈಯ ಸ್ವಸ್ತಿಕವಾ? ಅದು ಇರಲಿ, ನಿಧಾನಕ್ಕೆ ಮಾಸ್ತದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕುಂಕುಮ, ಸುಣ್ಣಕ್ಕೆ ಕ್ಷಾರ ಗುಣ, ಬಿಸಿಲಿಗೆ ಬಣ್ಣ ಇಳೀತದೆ. ನವರಾತ್ರಿಯ ಆಯುಧ ಪೂಜೆಗೆ ಗಂಧ ಕುಂಕುಮವನ್ನು ಗಾಜಿನ ಮೇಲೆ ಇಡಿ, ಸಂಜೆ ತೊಳೀರಿ. ಹೂವಿನ ಮಾಲೆಯನ್ನು ತಂತಿಯಲ್ಲಿ ಕಟ್ಟಬೇಡಿ, ಗಾಳಿಗೆ ಅಲ್ಲಾಡಿ ಗೀರ್ತದೆ. ಬಾಳೆ ನಾರು ಸಾಕು.

— ಎಲ್ಲ ಗೊತ್ತಾಯ್ತು ಮಾವ. ಅಪ್ಪಯ್ಯನಿಗೆ ಹೇಳೂದು ಹೇಗೆ ಅಂತ ಗೊತ್ತಾಗಲಿಲ್ಲ. ಹೋದ ವಾರ, ಇಷ್ಟು ಬೇಗ ಏಳಬೇಡಿ, ಚಳಿಯಲ್ಲಿ ಎಂತಕ್ಕೆ ಕಷ್ಟ ಅಂದೆ. ಎರಡು ದಿನ ಮಾತಾಡಲಿಲ್ಲ. ಕೆಲಸ ಬಿಟ್ಟ ಮೇಲೆ ಅವರಿಗೆ ಬೆಳಿಗ್ಗೆ ಏಳಲಿಕ್ಕೆ ಇರೂದು ಇದೊಂದೇ ಕಾರಣ. ಈ ಗೀರು ನೀವು ಹಾಕಿದ್ದು ಅಂತ ನನ್ನ ಬಾಯಿಂದ ಬರೂದಿಲ್ಲ.

— ಹೇಳಬೇಡ. ಗೀರಿನ ಸುದ್ದಿ ಎತ್ತಲೇಬೇಡ. ಬಟ್ಟೆ ತೆಗೆದುಕೊಂಡರೆ ಕೈ ಖಾಲಿಯಾಗ್ತದೆ, ಅದಕ್ಕೇ ಅವರಿಗೆ ಬೇಜಾರಾದದ್ದು. ಆ ಕೈಗೆ ಬೇರೆ ಕೆಲಸ ಬೇಕು. ಬೆಳಿಗ್ಗೆ ಐದೂವರೆ ಒಳ್ಳೆಯ ಹೊತ್ತು ಮಗಾ, ಕಾರು ತಣ್ಣಗಿರ್ತದೆ, ಬಿಸಿಲಿಲ್ಲ. ರಾತ್ರಿ ಕರಗಿದ ಉಪ್ಪು ಇನ್ನೂ ಒಣಗಿರೂದಿಲ್ಲ, ನೀರು ಬಿಟ್ಟರೆ ಹಾಗೇ ಇಳಿದು ಹೋಗ್ತದೆ. ಕಾರಿನ ಸುತ್ತ ಒಂದು ಸುತ್ತು ಬಂದು ಎಲ್ಲಿ ಕಲ್ಲು ತಾಗಿದೆ ಅಂತ ಹುಡುಕೂದು ಭಾವನಷ್ಟು ಚಂದ ಯಾರಿಗೂ ಬರೂದಿಲ್ಲ. ಅಂಬಾಸಿಡರಿನ ಒಂದು ನಟ್ಟು ಸಡಿಲಾದರೆ ಶಬ್ದದಲ್ಲೇ ಹೇಳ್ತಿದ್ದರು. ನಿನ್ನ ಬಣ್ಣದ್ದೇ ಟಚ್ ಅಪ್ ಬಾಟ್ಲಿ ಸಿಗ್ತದೆ, ತಂದು ಅವರ ಕೈಗೆ ಕೊಡು. ಸಾಸಿವೆಯಷ್ಟು ಜಾಗ ಅವತ್ತೇ ಮುಚ್ಚಿದರೆ ಮುಂದೆ ನನ್ನಂಥವನ ಶೆಡ್ಡಿಗೆ ಬರುವ ಕೆಲಸ ಇಲ್ಲ. ಫೋನ್ ಹಾಕು ಒಮ್ಮೆ, ನಾನೇ ಮಾತಾಡ್ತೇನೆ.

— ಈಗಲೇ?

— ಈಗಲೇ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಪಂಚೆ ಹಿಡಿದಿರ್ತಾರೆ. ಹಾಂ, ರಿಂಗಾಗ್ತಾ ಇದೆ, ಕೊಡು. ಹ್ವಾಯ್ ಭಾವ, ನಾನು. ಇಲ್ಲ ಇಲ್ಲ, ಚಾ ಕುಡಿದು ಹೊರಡ್ತಾಳೆ. ನಾಳೆ ಆದಿತ್ಯವಾರ ಅಲ್ವಾ, ನಾನು ಆ ಕಡೆ ಬರ್ತಾ ಇದ್ದೇನೆ. ತೋಟದ ಸ್ಪ್ರಿಂಕ್ಲರಿನ ಒಂದು ಜೆಟ್ ತೆಗೆದಿಡಿ, ಪೈಪೂ ಬೇಕು. ಎಂತಕ್ಕಾ? ಕಾರಿನ ಅಡಿಗೆ. ಹೌದು, ಅಡಿಗೆ. ಮರವಂತೆಯ ಉಪ್ಪು ಕೂತಿದೆ, ನಾನು ಬಗ್ಗಿ ಕಂಡೆ. ಅವಳಿಂದ ಅದೆಲ್ಲ ಆಗೂದಿಲ್ಲ ಭಾವ, ಬೆಳಿಗ್ಗೆ ಬ್ಯಾಂಕಿಗೆ ಓಡ್ತಾಳೆ, ಅದು ನೀವೇ ಮಾಡಬೇಕು. ನಾನು ಬರುವವರೆಗೆ ಬಟ್ಟೆ ಮುಟ್ಟಿಸಬೇಡಿ, ಒಟ್ಟಿಗೇ ಮಾಡುವ. ಎಷ್ಟು ಹೊತ್ತಿಗಾ? ನೀವು ಏಳುವ ಹೊತ್ತಿಗೇ.